ಬಟ್ಟೆಯ ರೆಕ್ಕೆಯ ರಾಜಹಂಸ



ನವಲಗುಂದದ ಎರೆಹೊಲದಲ್ಲಿ ನಿಂತು ಆಕಾಶ ನೋಡುವ ರೈತನಿಗೆ ವಿಮಾನವೆಂದರೆ ನೂರಾರು ಜನ ಕೂರುವ, ಕೋಟಿಗಟ್ಟಲೆ ಬೆಲೆಯ ಯಂತ್ರ. ಆದರೆ ಇಬ್ಬರೇ ಕೂರುವ, ಕೊಳವೆ ಮತ್ತು ಬಟ್ಟೆಯಿಂದ ಕಟ್ಟುವ ವಿಮಾನವೂ ಉಂಟು. ಅಂಥವನ್ನು ಬೆಂಗಳೂರಿನಲ್ಲಿ ತಯಾರಿಸಿ ಫ್ರಾನ್ಸ್, ಬ್ರಿಟನ್‌ಗಳಿಗೆ ಮಾರಿದ ಸಂಸ್ಥೆ ರಾಜಹಂಸ ಅಲ್ಟ್ರಾಲೈಟ್ಸ್.

ಕರ್ನಾಟಕಕ್ಕೆ ಸಣ್ಣ ವಿಮಾನ ಹೊಸದಲ್ಲ. 1940ರಲ್ಲಿ ಉದ್ಯಮಿ ವಾಲಚಂದ್ ಹೀರಾಚಂದ್ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ತೆರೆದರು. ಮುಂದೆ ಅದು ಸರಕಾರದ ವಶಕ್ಕೆ ಬಂತು. ಅಲ್ಲಿ ತಯಾರಾದ ಎರಡು ಆಸನಗಳ 'ಪುಷ್ಪಕ್' 1958ರಲ್ಲಿ ಮೊದಲು ಹಾರಿತು. ಅದರ ಎಂಜಿನ್ನಿನ ಬಲ ಕೇವಲ 90 ಅಶ್ವಶಕ್ತಿ. ಹಾರಾಟ ಕಲಿಸುವ ಫ್ಲೈಯಿಂಗ್ ಕ್ಲಬ್ಬುಗಳಿಗೆಂದೇ ನೂರಕ್ಕೂ ಹೆಚ್ಚು ಪುಷ್ಪಕ್‌ಗಳು ತಯಾರಾದವು. ಕಲಿಸುವ ಕ್ಲಬ್ಬುಗಳಿದ್ದವು, ಆದ್ದರಿಂದ ವಿಮಾನವೂ ಬಂತು.

ರಾಜಹಂಸದ ದಾರಿ ಬೇರೆ. 1980ರಲ್ಲಿ ಇದನ್ನು ಆರಂಭಿಸಿದವರು ಫ್ರೆಂಚ್ ಮೂಲದ ಜೋಯೆಲ್ ಕೆಕ್ಲಾಂ. ಮೊದಲು ಮಾಡಿದ್ದು ಹ್ಯಾಂಗ್ ಗ್ಲೈಡರ್. ಎಂದರೆ, ತ್ರಿಕೋನಾಕಾರದ ಬಟ್ಟೆಯ ರೆಕ್ಕೆಗೆ ಜೋತುಬಿದ್ದು ಗುಡ್ಡದಿಂದ ಗಾಳಿಗೆ ಇಳಿಯುವ, ಎಂಜಿನ್ ಇಲ್ಲದ ಸಾಧನ. ಆಮೇಲೆ ಎಂಜಿನ್ ಸೇರಿತು. 1990ರ ದಶಕದಲ್ಲಿ 'ಎಕ್ಸ್-ಏರ್' ಹೊರಬಂತು. ಅದರ ಮೂಲ, ಅಮೆರಿಕದ ಜಾನ್ ಚೋಟಿಯಾ 1970ರ ದಶಕದಲ್ಲಿ ರೂಪಿಸಿದ 'ವೀಡ್‌ಹಾಪರ್'.

ಇದರ ರಚನೆ ತೀರ ಸರಳ. ಅಲ್ಯುಮಿನಿಯಂ ಕೊಳವೆಗಳನ್ನು ಬೋಲ್ಟ್ ಹಾಕಿ ಜೋಡಿಸಬೇಕು. ಹಾಯಿದೋಣಿಗಳಿಗೆ ಬಳಸುವ ಡೇಕ್ರಾನ್ ಬಟ್ಟೆಯನ್ನು ಅಳತೆಗೆ ಹೊಲಿದು, ದಿಂಬಿಗೆ ಗವಸು ತೊಡಿಸಿದಂತೆ ರೆಕ್ಕೆಯ ಚೌಕಟ್ಟಿಗೆ ತೊಡಿಸಿ ಬಿಗಿಯಬೇಕು. ಲೋಹದ ಹಾಳೆ ಬಾಗಿಸುವ ಭಾರೀ ಯಂತ್ರ ಬೇಡ. ಅಚ್ಚುಕಟ್ಟಾಗಿ ಹೊಲಿಯುವ, ಕೊರೆಯುವ ಕೈಗಳು ಬೇಕು. ಬಿಡಿಭಾಗಗಳು ಪೆಟ್ಟಿಗೆಯಲ್ಲಿ ಹಡಗು ಹತ್ತುತ್ತಿದ್ದವು. ಕೊಂಡವರು ತಮ್ಮ ಶೆಡ್ಡಿನಲ್ಲೇ ಜೋಡಿಸಿಕೊಳ್ಳುತ್ತಿದ್ದರು. ಹೀಗೆ ನೂರಾರು ಎಕ್ಸ್-ಏರ್‌ಗಳು ಹೊರದೇಶಗಳಲ್ಲಿ ಹಾರಿದವು.

2004ರಲ್ಲಿ ಅಮೆರಿಕ 'ಲೈಟ್ ಸ್ಪೋರ್ಟ್' ಎಂಬ ಹೊಸ ವರ್ಗವನ್ನೇ ಮಾಡಿತು. ನೆಲದಿಂದ ಏಳುವ ಇಂಥ ವಿಮಾನದ ಒಟ್ಟು ತೂಕ 600 ಕಿಲೋ ಮೀರಬಾರದು, ಆಸನ ಎರಡಕ್ಕಿಂತ ಹೆಚ್ಚಿರಬಾರದು ಎಂಬುದು ಅಂದಿನ ನಿಯಮ. ರಾಜಹಂಸದ ಸುಧಾರಿತ ಮಾದರಿ ಆ ಮಾರುಕಟ್ಟೆಗೂ ಹೋಯಿತು. ಅದರ ಹೆಸರು ಹನುಮಾನ್. ವಾಯುಪುತ್ರ ಮತ್ತೊಮ್ಮೆ ಸಮುದ್ರ ದಾಟಿದ ಹಾಗಾಯಿತು!

ಇದೇ ಕಾಲದಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ಗಾಜಿನ ನಾರು ಮತ್ತು ರಾಳದಿಂದ 'ಹಂಸ' ಎಂಬ ವಿಮಾನ ರೂಪಿಸಿತು. ಅದು ಮೊದಲು ಹಾರಿದ್ದು 1993ರಲ್ಲಿ, ಪ್ರಮಾಣಪತ್ರ ಪಡೆದದ್ದು 2000ದಲ್ಲಿ. ವಿಜ್ಞಾನಿಗಳ ಶ್ರಮ ದೊಡ್ಡದು. ಆದರೂ ತಯಾರಾದ ಹಂಸಗಳ ಸಂಖ್ಯೆ ಪುಷ್ಪಕ್‌ಗಳ ಹತ್ತಿರಕ್ಕೂ ಬರಲಿಲ್ಲ. 2021ರಲ್ಲಿ ಹಂಸದ ಹೊಸ ಮಾದರಿ ಹಾರಿದೆ.

ಕುಶಲತೆ ಇಲ್ಲಿಯೇ ಇದ್ದರೂ ಹಾರಾಟ ಪರದೇಶದಲ್ಲೇಕೆ? ಫ್ರಾನ್ಸಿನಲ್ಲಿ ಜಮೀನಿನ ಒಡೆಯ ಒಪ್ಪಿದರೆ ಹುಲ್ಲುಗಾವಲಿನಿಂದಲೇ ಇಂಥ ವಿಮಾನ ಏರುತ್ತದೆ. ಭಾನುವಾರದ ಹಾರಾಟ ಅಲ್ಲಿ ಸಾಮಾನ್ಯರ ಹವ್ಯಾಸ. ಇಲ್ಲಿ ವಿಮಾನ ಕೊಂಡರೂ ಇಳಿಯಲು ಜಾಗ, ಕಲಿಸುವ ಗುರು, ರಿಪೇರಿಯ ಕೈ, ಹಲವು ಇಲಾಖೆಗಳ ಅನುಮತಿ ಎಲ್ಲವನ್ನೂ ಹುಡುಕಬೇಕು. ಆಕಾಶದ ಸುರಕ್ಷತೆಗೆ ನಿಯಮ ಬೇಕೇ ಬೇಕು. ಆದರೆ ನಿಯಮದ ಜೊತೆಗೆ ಕಲಿಯುವ ದಾರಿಯೂ ಇರಬೇಕು.

ಟ್ರ್ಯಾಕ್ಟರ್ ಕುಂದಗೋಳದ ಹಳ್ಳಿಗಳಲ್ಲಿ ನೆಲೆನಿಂತದ್ದು ಕಂಪನಿಯ ಬಲದಿಂದಷ್ಟೇ ಅಲ್ಲ. ನಡೆಸುವವರು, ರಿಪೇರಿ ಮಾಡುವವರು ಊರಲ್ಲೇ ಹುಟ್ಟಿಕೊಂಡದ್ದರಿಂದ. ನವಲಗುಂದದ ಜಮಖಾನ ನೇಯುವ ಹೆಣ್ಣುಮಕ್ಕಳಿಗೂ ಈ ಮಾತು ಗೊತ್ತು: ನೇಯ್ಗೆ ಎಷ್ಟೇ ಚೆಂದವಿರಲಿ, ಹಾಸುವ ಮನೆ ಇಲ್ಲದಿದ್ದರೆ ಮಗ್ಗ ನಿಲ್ಲುತ್ತದೆ. ವಿಮಾನಕ್ಕೂ ಹಾಗೆಯೇ, ಅದನ್ನು ಹಾರಿಸುವ ಜನ ಬೇಕು.