ಕಪಾಟಿನಲ್ಲಿ ನಿಂತ ನೀರು

ವಿಶಾಖಪಟ್ಟಣ ಹಾಗೂ ವಿಜಯವಾಡಗಳ ಕನ್ನಡ ಬಂಧುಗಳೇ,

ಆಲಮಟ್ಟಿಯನ್ನು ದಾಟಿ ಬಂದ ಕೃಷ್ಣೆ ವಿಜಯವಾಡದ ಪ್ರಕಾಶಂ ಬ್ಯಾರೇಜಿನಲ್ಲಿ ನಿಂತು, ಕಾಲುವೆಗಳಾಗಿ ಹೊಲಗಳಿಗೆ ಹರಿಯುತ್ತಾಳೆ. ನಿಂತ ನೀರು ಹಂಚಿಹೋದರೇ ಬೆಳೆ. ನಮ್ಮ ಕಪಾಟುಗಳಲ್ಲಿರುವ ಹಳೆಯ ಸ್ಮಾರ್ಟ್‌ಫೋನುಗಳ ಬಗ್ಗೆ ನಾನು ಹೇಳಬಯಸುವುದೂ ಇಷ್ಟೇ.

2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಂತೆ ದೇಶದ ನೂರು ಮನೆಗಳಲ್ಲಿ ಸುಮಾರು 24ಕ್ಕೆ ಮಾತ್ರ ಅಂತರಜಾಲವಿತ್ತು; ಹಳ್ಳಿಗಳಲ್ಲಿ 15ಕ್ಕೆ. 2020ರಲ್ಲಿ ಶಾಲೆಗಳು ಮುಚ್ಚಿ ಪಾಠವು ಫೋನಿಗೆ ಬಂದಾಗ ಅನೇಕ ಮಕ್ಕಳು ಹೊರಗುಳಿದರು. ಕರ್ನಾಟಕದಲ್ಲಿ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗುವ ‘ವಿದ್ಯಾಗಮ’ವನ್ನು ರೂಪಿಸಬೇಕಾಯಿತು. ಅಂದಿನಿಂದ ಸಂಪರ್ಕ ಹೆಚ್ಚಿದೆ, ನಿಜ. ಆದರೆ ಮನೆಗಿರುವ ಒಂದೇ ಫೋನು ತಂದೆಯೊಡನೆ ಕೂಲಿಗೆ ಹೋದರೆ, ಮಗಳ ಪಾಲಿಗೆ ಅದು ಇಲ್ಲದಂತೆಯೇ.

ದಾನವೆಂದರೆ ಕಸ ಸಾಗಿಸುವುದಲ್ಲ. ಬ್ಯಾಟರಿ ಉಬ್ಬಿದ್ದನ್ನು ಇ-ತ್ಯಾಜ್ಯಕ್ಕೆ ಒಪ್ಪಿಸಿರಿ. 4ಜಿ ಇಲ್ಲದ್ದು ಪಾಠಕ್ಕೆ ಒದಗದು. ಮೊದಲು ಗೂಗಲ್ ಖಾತೆಯನ್ನು ತೆಗೆದು, ಬಳಿಕ ಫ್ಯಾಕ್ಟರಿ ರೀಸೆಟ್ ಮಾಡಿರಿ. ಇಲ್ಲವಾದರೆ ಬೀಗ ಹಾಕಿದ ಪೆಟ್ಟಿಗೆಯನ್ನು ಕೊಟ್ಟಂತೆ. ಚಾರ್ಜರನ್ನೂ ಕೆಲವು ತಿಂಗಳ ರೀಚಾರ್ಜನ್ನೂ ಜೊತೆಗಿಡಿರಿ. ಪಾಡೇರು, ಅರಕುಗಳ ಬೆಟ್ಟದೂರುಗಳಿಗಾದರೆ ಸಿಗ್ನಲ್ ಸಿಗುವುದೇ ಎಂದು ವಿಚಾರಿಸಿಯೇ ಕಳುಹಿಸಬೇಕು.

ಪಡೆಯುವವರ ಮನೆಮಾತು ಯಾವುದೆಂದು ಕೇಳದಿರೋಣ. ಈ ನೆಲದ ಅನ್ನವನ್ನು ಉಂಡವರು ನಾವು. ಕನ್ನಡವನ್ನು ಉಳಿಸಿಕೊಳ್ಳುವ ಸಂಘ ನೆರೆಯ ಮಗುವಿನ ಓದನ್ನೂ ಉಳಿಸಲಿ.