ಕುಟುಂಬ ವೈದ್ಯರು ದೇಶ ಬಿಟ್ಟಾಗ



ಡಾಕ್ಟರ ಬಳಿಗೆ ಹೋದಾಗ ನೀವು ಎಷ್ಟು ಹೊತ್ತು ಅವರೆದುರು ಕುಳಿತಿರುತ್ತೀರಿ? ಮುಂದಿನ ಸಲ ಗಡಿಯಾರ ನೋಡಿಕೊಳ್ಳಿ. ಬ್ರಿಟನ್ನಿನಲ್ಲಿ ಕುಟುಂಬ ವೈದ್ಯರು ಒಬ್ಬ ರೋಗಿಗೆ ವಾಡಿಕೆಯಾಗಿ ಕೊಡುವ ಅವಧಿ 10 ನಿಮಿಷ. ಕಾರ್ಯಕ್ರಮ ತಯಾರಿಸುವ ನಮ್ಮಂಥವರಿಗೆ 10 ನಿಮಿಷವೆಂದರೆ ಸಾಕಷ್ಟು ಕಾಲ. ಆದರೆ ಅಲ್ಲಿಗೆ ಒಬ್ಬ ಮುದುಕರು ಬಂದರೆನ್ನಿ. ಅವರಿಗೆ ಸಕ್ಕರೆ ಕಾಯಿಲೆಯಿದೆ, ಮಂಡಿನೋವಿದೆ, ಹೆಂಡತಿ ತೀರಿಕೊಂಡ ಮೇಲೆ ನಿದ್ದೆಯಿಲ್ಲ. ಈ ಮೂರನೆಯದನ್ನು ಅವರು ಬಾಯಿಬಿಡುವುದು ಒಂಬತ್ತನೆಯ ನಿಮಿಷದಲ್ಲಿ, ಎದ್ದು ಬಾಗಿಲ ಬಳಿ ಹೋದ ಮೇಲೆ.

ಅಂಥ ವೈದ್ಯರಲ್ಲಿ ಹಲವರು ಆಸ್ಟ್ರೇಲಿಯ, ನ್ಯೂಜಿಲೆಂಡ್, ಕೆನಡಗಳಿಗೆ ಹೊರಟು ಹೋಗುತ್ತಿದ್ದಾರೆ. ಇದನ್ನು ಹಣದ ಆಸೆ ಎಂದುಬಿಡುವುದು ಸುಲಭ. ನನಗೆ ಹಾಗನ್ನಿಸುವುದಿಲ್ಲ. ದಿನಕ್ಕೆ 25 ರೋಗಿಗಳಿಗಿಂತ ಹೆಚ್ಚು ನೋಡುವುದು ಕ್ಷೇಮವಲ್ಲವೆಂದು ಬ್ರಿಟಿಷ್ ವೈದ್ಯರ ಸಂಘವೇ ಹೇಳಿದೆ. ಎಷ್ಟೋ ಮಂದಿ ಅದಕ್ಕಿಂತ ಹೆಚ್ಚು ನೋಡುತ್ತಾರೆ. ಕೊನೆಯ ರೋಗಿ ಹೋದ ಮೇಲೆ ರಕ್ತಪರೀಕ್ಷೆಯ ವರದಿಗಳು, ಆಸ್ಪತ್ರೆಯ ಪತ್ರಗಳು, ಔಷಧ ಚೀಟಿಗಳು ಕಾದಿರುತ್ತವೆ. ಮನೆ ಸೇರುವಾಗ ಮಕ್ಕಳು ಮಲಗಿರುತ್ತಾರೆ. ದುಡಿಮೆಯ ಜೊತೆ ಬದುಕಿಗೂ ಸ್ವಲ್ಪ ಹೊತ್ತು ಬೇಕೆಂದು ಕೇಳುವುದು ಯಾವ ತಪ್ಪು?

ಇದರ ಹಿಂದೆ ಒಂದು ಲೆಕ್ಕಾಚಾರವೂ ಇದೆ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ 1948ರ ಜುಲೈ 5ರಂದು ಆರಂಭವಾಯಿತು. ಅಲ್ಲಿ ಕುಟುಂಬ ವೈದ್ಯರ ಚಿಕಿತ್ಸಾಲಯಕ್ಕೆ ಹಣ ಬರುವುದು ಮುಖ್ಯವಾಗಿ ಪಟ್ಟಿಯಲ್ಲಿರುವ ತಲೆಗಳ ಲೆಕ್ಕದಲ್ಲಿ. ಒಬ್ಬರೇ ವರ್ಷಕ್ಕೆ ಎರಡು ಸಲ ಬರಲಿ, ಇಪ್ಪತ್ತು ಸಲ ಬರಲಿ, ಆ ಕಾರಣಕ್ಕೆ ಹಣ ಹೆಚ್ಚುವುದಿಲ್ಲ. ಆಸ್ಟ್ರೇಲಿಯದಲ್ಲಿ 1984ರಿಂದ ಇರುವ ಮೆಡಿಕೇರ್ ಪದ್ಧತಿಯಲ್ಲಿ ಪ್ರತಿ ಭೇಟಿಗೂ ಸರ್ಕಾರದಿಂದ ಹಣ ಸಲ್ಲುತ್ತದೆ. ದೀರ್ಘ ಭೇಟಿಗೆ ಹೆಚ್ಚು. ಕೆಲಸ ಹೆಚ್ಚಿದರೆ ಸಂಪಾದನೆಯೂ ಹೆಚ್ಚು, ಕಡಿಮೆ ಮಾಡಿಕೊಳ್ಳುವುದೂ ತಮ್ಮ ಕೈಯಲ್ಲೇ. 2024ರ ಅಕ್ಟೋಬರಿನಿಂದ ಬ್ರಿಟನ್, ಐರ್ಲೆಂಡ್, ನ್ಯೂಜಿಲೆಂಡ್‌ಗಳ ಕುಟುಂಬ ವೈದ್ಯರಿಗೆ ನೋಂದಣಿಯ ದಾರಿಯನ್ನು ಆಸ್ಟ್ರೇಲಿಯ ಹತ್ತಿರ ಮಾಡಿದೆ.

ಆದರೆ ಕಡಲತೀರದ ನಗರವೇ ಸಿಗುತ್ತದೆಂದು ತಿಳಿಯಬೇಡಿ. ಹೊರದೇಶದಲ್ಲಿ ಓದಿದ ವೈದ್ಯರು ಮೆಡಿಕೇರ್ ಹಣ ಪಡೆಯಬೇಕಾದರೆ ಸಾಮಾನ್ಯವಾಗಿ 10 ವರ್ಷ ವೈದ್ಯರ ಕೊರತೆಯಿರುವ ಪ್ರದೇಶದಲ್ಲಿ ದುಡಿಯಬೇಕು. ವೈದ್ಯರನ್ನು ವಿಮಾನದಲ್ಲಿ ಕಳಿಸುವ ಸೇವೆಯನ್ನು 1928ರಲ್ಲೇ ಕ್ಲಾನ್‌ಕರಿ ಎಂಬ ಊರಿನಲ್ಲಿ ಆರಂಭಿಸಿದ ದೇಶ ಅದು. ದೂರವೆಂದರೆ ಅಲ್ಲಿ ನಿಜವಾಗಿಯೂ ದೂರ.

ಇನ್ನು ಬ್ರಿಟನ್ನಿನಲ್ಲಿ ಖಾಲಿಯಾದ ಕುರ್ಚಿಯ ಮಾತು. ಇದು ಅಲ್ಲಿ ಹಳೆಯ ಕಥೆ. 1950, 60ರ ದಶಕಗಳಲ್ಲೂ ಬ್ರಿಟಿಷ್ ವೈದ್ಯರು ಹೊರದೇಶಗಳಿಗೆ ಹೋದರು. ವೇಲ್ಸ್‌ನ ಕಲ್ಲಿದ್ದಲು ಕಣಿವೆಗಳಲ್ಲಿ, ಕಾರ್ಖಾನೆಯ ಊರುಗಳಲ್ಲಿ ಅಲ್ಲಿಯವರು ಒಲ್ಲೆನೆಂದ ಜಾಗಗಳನ್ನು ತುಂಬಿದವರಲ್ಲಿ ಭಾರತದ ವೈದ್ಯರು ಬಹಳ. ನಮ್ಮ ರಾಜ್ಯದ ಕಾಲೇಜುಗಳಲ್ಲಿ ಓದಿದವರೂ ಅವರಲ್ಲಿದ್ದರು. ಅಂಥದೇ ಒಂದು ಗಣಿ ಹಳ್ಳಿ, ಗ್ಲಿನ್‌ಕಾರಗ್‌ನಲ್ಲಿ ನೆಲೆನಿಂತ ಡಾ. ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಒಂದು ನಿಯಮವನ್ನು ಮುಂದಿಟ್ಟರು. ಒಳ್ಳೆಯ ವೈದ್ಯಸೇವೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ದೊರೆಯುತ್ತದೆ ಎಂಬುದು ಅದರ ಸಾರ. ವಿಲೋಮ ಅನುಪಾತವನ್ನು ನೀವು ಗಣಿತದಲ್ಲಿ ಓದಿದ್ದೀರಿ. ಇಲ್ಲಿ ಅದಕ್ಕೆ ಕೆಮ್ಮು, ಜ್ವರಗಳಿವೆ.

ಒಬ್ಬ ಡಾಕ್ಟರು ಹೋದರೆ ಇನ್ನೊಬ್ಬರು ಬರುತ್ತಾರಲ್ಲ ಎಂದು ನೀವು ಕೇಳಬಹುದು. ನಾರ್ವೆಯಲ್ಲಿ ಸುಮಾರು 45 ಲಕ್ಷ ಜನರ ದಾಖಲೆಗಳನ್ನು ಪರಿಶೀಲಿಸಿ, ಅದರ ಫಲಿತಾಂಶವನ್ನು 2021ರಲ್ಲಿ ಪ್ರಕಟಿಸಿದರು. ಒಬ್ಬರೇ ಕುಟುಂಬ ವೈದ್ಯರ ಬಳಿ 15 ವರ್ಷಕ್ಕಿಂತ ಹೆಚ್ಚು ಕಾಲ ಇದ್ದವರಲ್ಲಿ, ಒಂದೇ ವರ್ಷದ ಪರಿಚಯವಿದ್ದವರಿಗಿಂತ, ಸಾವಿನ ಸಂಭವ ಸುಮಾರು ಶೇ. 25ರಷ್ಟು ಕಡಿಮೆಯಿತ್ತು. ಇದು ಪ್ರಯೋಗವಲ್ಲ, ಅವಲೋಕನ. ಪರಿಚಯವೇ ಕಾರಣವೆಂದು ಇದರಿಂದ ಸಿದ್ಧವಾಗದು. ಆದರೂ ತಳ್ಳಿಹಾಕುವ ಸಂಖ್ಯೆಯಲ್ಲ. ಹದಿನೈದು ವರ್ಷದ ಪರಿಚಯವನ್ನು ವೀಸಾ ಕೊಟ್ಟು ತರಿಸಿಕೊಳ್ಳಲು ಬರುವುದಿಲ್ಲವಷ್ಟೆ.

ವೈದ್ಯರ ಕೊರತೆಯಿರುವ ಬಡದೇಶಗಳಿಂದ ಅವರನ್ನು ಸೆಳೆದುಕೊಳ್ಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಂದು ಸಂಹಿತೆ ಮಾಡಿತು. ಅದನ್ನು ಪಾಲಿಸುವುದು ಆಯಾ ದೇಶದ ಇಚ್ಛೆಗೆ ಬಿಟ್ಟದ್ದು. ವೈದ್ಯರನ್ನು ಓಡಿಸುವ ಆ ಹೊರೆಯನ್ನು ಇಳಿಸುವ ಮಾತು ಮಾತ್ರ ಪ್ರತಿ ದೇಶವೂ ತನ್ನ ಮನೆಯಲ್ಲೇ ಮಾಡಬೇಕಾದದ್ದು.

ಮತ್ತೆ ಆ ಮುದುಕರ ಬಳಿಗೆ ಬರೋಣ. ಅವರ ಡಾಕ್ಟರು ಪರ್ತ್‌ಗೆ ಹೋಗಿದ್ದಾರೆ. ಹೊಸದಾಗಿ ಬಂದವರು ನಮ್ಮ ಕಡೆಯವರೇ ಇರಬಹುದು. ಹಾಗಿದ್ದರೆ ಇಲ್ಲಿಯೂ ಒಂದು ಕುರ್ಚಿ ಖಾಲಿಯಾಗಿದೆ. ಕಂಪ್ಯೂಟರಿನಲ್ಲಿ ಸಕ್ಕರೆಯ ಪ್ರಮಾಣವಿದೆ, ಮಂಡಿಯ ಎಕ್ಸ್‌ರೇ ವರದಿಯಿದೆ. ನಿದ್ದೆಯ ಮಾತನ್ನು ಹೊಸಬರ ಮುಂದೆ ಆಡಲು ಅವರಿಗೆ ಎಷ್ಟು ಭೇಟಿಗಳು ಬೇಕಾಗುತ್ತವೆಯೋ!