ಹಳೆಯ ಚಾಕು, ಹೊಸ ಚಾಕು: ಹರಿತ ಇರುವುದೆಲ್ಲಿ?

‘ಈಗಿನ ಸಾಮಾನು ಹಿಂದಿನ ಹಾಗಲ್ಲ’ ಎಂಬ ಮಾತು ಕೇಳಿಬರದ ಮನೆಯಿಲ್ಲ. ಬೀಗ, ಬೈಸಿಕಲ್ಲು, ಗೋಡೆ ಗಡಿಯಾರದಿಂದ ಹಿಡಿದು ಅಡುಗೆಮನೆಯ ಈಳಿಗೆಮಣೆಯವರೆಗೆ ಎಲ್ಲದರ ಬಗ್ಗೆಯೂ ಹಿರಿಯರು ಈ ಮಾತನ್ನು ಆಡುತ್ತಾರೆ. ಅಮೆರಿಕದ ಬೇಟೆಗಾರರಲ್ಲಿ ಇದೇ ಮಾತು ಚಾಕುವಿನ ಬಗ್ಗೆ ನಡೆಯುತ್ತದೆ. ಅಜ್ಜನ ಕಾಲದ ಚಾಕು ಒಂದಿಡೀ ಜಿಂಕೆಯನ್ನು ಸುಲಿದ ಮೇಲೂ ಹರಿತವಾಗಿಯೇ ಇರುತ್ತಿತ್ತು, ಇಂದಿನದು ಅರ್ಧಕ್ಕೇ ಮೊಂಡಾಗುತ್ತದೆ ಎಂಬುದು ಒಂದು ಪಕ್ಷ. ಹೊಸ ಉಕ್ಕಿನ ಮುಂದೆ ಹಳೆಯದು ಬರಿಯ ತಗಡು ಎಂಬುದು ಇನ್ನೊಂದು ಪಕ್ಷ. ಮೇಲುನೋಟಕ್ಕೆ ಇದು ಹವ್ಯಾಸಿಗಳ ಜಗಳ. ಆದರೆ ಒಂದು ವಸ್ತುವಿನ ಗುಣ ಎಂದರೇನು, ಅದು ವಸ್ತುವಿನಲ್ಲಿದೆಯೋ, ಮಾಡಿದವನ ಕೈಯಲ್ಲಿದೆಯೋ, ಬಳಸುವವನ ಕೈಯಲ್ಲಿದೆಯೋ ಎಂಬ ಪ್ರಶ್ನೆಯೂ ಇದರೊಳಗೆ ಅಡಗಿದೆ.

ಮೊದಲು ಬೇಟೆಯ ಚಾಕುವಿನ ಕೆಲಸವೇನೆಂದು ನೋಡಬೇಕು. ಸಿನಿಮಾಗಳಲ್ಲಿ ಕಾಣುವಂತೆ ಅದು ಮೃಗದೊಡನೆ ಸೆಣಸುವ ಆಯುಧವಲ್ಲ. ಬಂದೂಕಿನ ಕೆಲಸ ಮುಗಿದ ಮೇಲೆ ಚಾಕುವಿನ ಕೆಲಸ ಆರಂಭವಾಗುತ್ತದೆ. ಹೊಟ್ಟೆ ಬಗೆಯುವುದು, ಚರ್ಮ ಸುಲಿಯುವುದು, ಕೀಲು ಬಿಡಿಸುವುದು, ಮಾಂಸ ಬಿಡಿಸಿಕೊಳ್ಳುವುದು. ಚರ್ಮದ ಕೂದಲಿನಲ್ಲಿ ಮಣ್ಣು, ಮರಳು ಸೇರಿರುತ್ತದೆ. ಅಲಗಿನ ಬಾಯಿಯನ್ನು ಅದು ಉಜ್ಜಿ ತಿನ್ನುತ್ತದೆ. ನಡುವೆ ಎಲುಬು ತಗಲುತ್ತದೆ. ರಕ್ತದ ಉಪ್ಪು, ತೇವ ತುಕ್ಕಿಗೆ ದಾರಿ ಮಾಡುತ್ತವೆ.

ಆದ್ದರಿಂದ ಒಳ್ಳೆಯ ಚಾಕುವಿಗೆ ಐದು ಗುಣಗಳು ಬೇಕು. ಸಲೀಸಾಗಿ ಕೊಯ್ಯಬೇಕು, ಹರಿತ ಬಹುಕಾಲ ನಿಲ್ಲಬೇಕು, ಎಲುಬು ತಗಲಿದರೆ ಬಾಯಿ ಮುರಿಯಬಾರದು, ತುಕ್ಕು ಹಿಡಿಯಬಾರದು, ಮೊಂಡಾದಾಗ ಸುಲಭವಾಗಿ ಮಸೆಯಲು ಬರಬೇಕು. ತೊಡಕು ಇರುವುದು ಇಲ್ಲಿಯೇ. ಈ ಐದು ಗುಣಗಳು ಒಂದನ್ನೊಂದು ಎಳೆಯುತ್ತವೆ. ಉಕ್ಕು ಗಡುಸಾದಷ್ಟೂ ಹರಿತ ನಿಲ್ಲುತ್ತದೆ, ಆದರೆ ಬಾಯಿ ಚೆಕ್ಕೆ ಏಳುವ ಭಯ. ಮೆದುವಾದಷ್ಟೂ ಮುರಿಯುವುದಿಲ್ಲ, ಕಲ್ಲಿಗೆ ಬೇಗ ಬಗ್ಗುತ್ತದೆ, ಆದರೆ ಬೇಗ ಮೊಂಡಾಗುತ್ತದೆ. ಹಳೆಯದು ಮೇಲೆಂದು ಹೇಳುವವನು ಒಂದು ಗುಣವನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾನೆ, ಹೊಸದು ಮೇಲೆಂದು ಹೇಳುವವನು ಇನ್ನೊಂದನ್ನು.

ಕಟುಕನ ಚಾಕುವೇ ಬೇಟೆಗಾರನದು

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ತುಪ್ಪಳಕ್ಕಾಗಿ ಅಲೆದವರು, ಕಾಡುಕೋಣಗಳ ಹಿಂಡನ್ನು ಕೊಂದು ಚರ್ಮ ಮಾರಿದವರು ಹೆಚ್ಚಾಗಿ ಬಳಸಿದ್ದು ವಿಶೇಷವಾದ ಬೇಟೆಯ ಚಾಕುವನ್ನಲ್ಲ. ಜಾನ್ ರಸೆಲ್ ಎಂಬಾತ 1830ರ ದಶಕದಲ್ಲಿ ಮ್ಯಾಸಚೂಸೆಟ್ಸಿನಲ್ಲಿ ಆರಂಭಿಸಿದ ‘ಗ್ರೀನ್ ರಿವರ್’ ಕಾರ್ಖಾನೆಯ ಚಾಕುಗಳು ಆ ಕಾಡುಗಳಲ್ಲೆಲ್ಲ ಹೆಸರು ಮಾಡಿದ್ದವು. ಅವು ಅಡುಗೆಮನೆಗೂ ಕಟುಕನ ಅಂಗಡಿಗೂ ಸಲ್ಲುವ ಸಾದಾ ಚಾಕುಗಳು. ತೆಳುವಾದ ಅಲಗು, ಮರದ ಹಿಡಿ, ಯಾವ ಅಲಂಕಾರವೂ ಇಲ್ಲ. ಉಕ್ಕಿನಲ್ಲಿ ಕಬ್ಬಿಣ, ಇಂಗಾಲ ಬಿಟ್ಟರೆ ಹೆಚ್ಚಿನದೇನೂ ಇರುತ್ತಿರಲಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮಿಚಿಗನ್ ರಾಜ್ಯದ ವೆಬ್‌ಸ್ಟರ್ ಮಾರ್ಬಲ್ ಎಂಬಾತ ಬೇಟೆಗೆಂದೇ ರೂಪಿಸಿದ ಚಾಕುಗಳನ್ನು ಮಾರುಕಟ್ಟೆಗೆ ತಂದ. ತೊಗಲಿನ ಬಿಲ್ಲೆಗಳನ್ನು ಒಂದರ ಮೇಲೊಂದು ಪೋಣಿಸಿ ಮಾಡಿದ ಅವುಗಳ ಹಿಡಿ ಮುಂದೆ ಎಷ್ಟೋ ಚಾಕುಗಳಿಗೆ ಮಾದರಿಯಾಯಿತು. ಇದೇ ಕಾಲದಲ್ಲಿ, 1902ರಲ್ಲಿ, ಕಾನ್ಸಾಸಿನ ಹೋಯ್ಟ್ ಬಕ್ ಎಂಬ ಹುಡುಗ ಕಮ್ಮಾರ ಸವೆದುಹೋದ ಅರಗಳನ್ನು ಕಾಯಿಸಿ ಚಾಕು ಮಾಡುವುದನ್ನು ಕಲಿತ. ಅರದ ಉಕ್ಕಿನಲ್ಲಿ ಇಂಗಾಲ ಹೆಚ್ಚು. ಸರಿಯಾಗಿ ಹದ ಕೊಟ್ಟರೆ ಹರಿತ ಚೆನ್ನಾಗಿ ನಿಲ್ಲುತ್ತದೆ. ಹಳೆಯ ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಚ್ಚು, ಕುಡುಗೋಲು ಬಡಿಯುವ ಕಮ್ಮಾರನಿಗೆ ಈ ಗುಟ್ಟನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಗಾದರೆ ಆ ಕಾಲದ ಚಾಕುಗಳೆಲ್ಲ ಉತ್ತಮವೇ? ಹಾಗೆ ಹೇಳಲು ಬರುವುದಿಲ್ಲ. ಕುಲುಮೆಯ ಕಾವನ್ನು ಕಬ್ಬಿಣದ ಬಣ್ಣ ನೋಡಿ ಅಳೆಯುತ್ತಿದ್ದ ಕಾಲ ಅದು. ಕಾವು ಸ್ವಲ್ಪ ಹೆಚ್ಚಾದರೆ ಉಕ್ಕಿನ ಕಣಗಳು ದಪ್ಪವಾಗಿ ಅಲಗು ಮುರುಕಾಗುತ್ತದೆ. ಕಡಿಮೆಯಾದರೆ ಗಡುಸು ಬರುವುದೇ ಇಲ್ಲ. ಒಬ್ಬನೇ ಕಮ್ಮಾರನ ಎರಡು ಚಾಕುಗಳು ಒಂದೇ ಬಗೆಯಾಗಿರಬೇಕೆಂದಿರಲಿಲ್ಲ. ಮುರಿದವು, ಬಾಗಿದವು, ತುಕ್ಕು ಹಿಡಿದವು ಗುಜರಿಗೆ ಹೋದವು. ಉಳಿದವು ಮಾತ್ರ ಮೊಮ್ಮಕ್ಕಳ ಕೈ ಸೇರಿದವು. ಇಂದು ಹಳೆಯ ಚಾಕುಗಳನ್ನು ಹೊಸದರೊಡನೆ ಹೋಲಿಸುವಾಗ, ಹಳೆಯವುಗಳಲ್ಲಿ ಆಯ್ದು ಉಳಿದವನ್ನೇ ಹೊಸವುಗಳ ಇಡೀ ರಾಶಿಯೊಡನೆ ಹೋಲಿಸಿದಂತಾಗುತ್ತದೆ. ಇದು ನ್ಯಾಯವಾದ ಹೋಲಿಕೆಯಲ್ಲ.

ತುಕ್ಕು ಹಿಡಿಯದ, ಕೊಯ್ಯದ ಚಾಕು

1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆಗೆ ಒಗ್ಗುವ ಉಕ್ಕನ್ನು ಹುಡುಕುತ್ತಿದ್ದ. ಸುಮಾರು 13 ಶೇಕಡಾ ಕ್ರೋಮಿಯಂ ಬೆರೆಸಿದ ಉಕ್ಕು ತುಕ್ಕು ಹಿಡಿಯುವುದಿಲ್ಲವೆಂದು ಅವನಿಗೆ ಕಂಡಿತು. ನಳಿಗೆಗಿಂತ ಚಾಕುವಿಗೆ ಇದು ಹೆಚ್ಚು ಉಪಯುಕ್ತವೆಂದು ಅವನು ಮನಗಂಡ. ಆದರೆ ಊರಿನ ಚಾಕು ತಯಾರಕರು ‘ಕೊಯ್ಯದ ಚಾಕುವನ್ನು ಕಂಡುಹಿಡಿದವನು’ ಎಂದು ಅವನನ್ನು ಗೇಲಿ ಮಾಡಿದರು.

ಗೇಲಿಗೆ ಕಾರಣವಿತ್ತು. ಸಾದಾ ಇಂಗಾಲದ ಉಕ್ಕನ್ನು ಸುಮಾರು 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಅದ್ದಿದರೆ ಸಾಕು, ಗಡುಸಾಗುತ್ತದೆ. ಕ್ರೋಮಿಯಂ ಬೆರೆತ ಉಕ್ಕಿನಲ್ಲಿ ಇಂಗಾಲವು ಕ್ರೋಮಿಯಂನೊಡನೆ ಕಟ್ಟಿಕೊಂಡು ಕೂತಿರುತ್ತದೆ. ಅದನ್ನು ಬಿಡಿಸಲು 1000 ಡಿಗ್ರಿಗೂ ಮೇಲಿನ ಕಾವು ಬೇಕು. ಹಳೆಯ ಅಭ್ಯಾಸದಲ್ಲಿ ಹದ ಕೊಟ್ಟರೆ ಚಾಕು ಮೆತ್ತಗೇ ಉಳಿಯುತ್ತದೆ. ತಪ್ಪು ಉಕ್ಕಿನದಾಗಿರಲಿಲ್ಲ, ಹದದ್ದಾಗಿತ್ತು. ಆದರೆ ಸ್ಟೇನ್‌ಲೆಸ್ ಎಂದರೆ ಹರಿತ ನಿಲ್ಲದ ಉಕ್ಕು ಎಂಬ ಅಪಖ್ಯಾತಿ ಹಲವು ದಶಕಗಳ ಕಾಲ ಉಳಿದುಬಿಟ್ಟಿತು.

ಒಂದೇ ಚಾಕು, ಮೂರು ಉಕ್ಕು

ಹಳತು ಹೊಸತರ ವಾದಕ್ಕೆ ಅತ್ಯಂತ ಒಳ್ಳೆಯ ಉದಾಹರಣೆ ಹೋಯ್ಟ್ ಬಕ್‌ನ ವಂಶದವರು 1964ರಲ್ಲಿ ಹೊರತಂದ ಮಡಚುವ ಬೇಟೆಚಾಕು. ‘110’ ಎಂಬ ಸಂಖ್ಯೆಯಿಂದಲೇ ಅದು ಪ್ರಸಿದ್ಧ. ಹಿತ್ತಾಳೆ ಮತ್ತು ಮರದ ಹಿಡಿ, ಬಿಡಿಸಿದಾಗ ಗಟ್ಟಿಯಾಗಿ ಕೂರುವ ಬೀಗ. ಒಂದು ಕೋಟಿಗೂ ಹೆಚ್ಚು ಮಾರಾಟವಾದ ಈ ಚಾಕುವಿನ ಹೊರರೂಪ ಹೆಚ್ಚು ಬದಲಾಗಿಲ್ಲ, ಬದಲಾದದ್ದು ಅಲಗಿನ ಉಕ್ಕು. ಮೊದಲ ಸುಮಾರು 17 ವರ್ಷ ಅದು ‘440ಸಿ’ ಎಂಬ ಸ್ಟೇನ್‌ಲೆಸ್ ಉಕ್ಕಿನದು. ಇಂಗಾಲ ಸುಮಾರು 1 ಶೇಕಡಾ. ಬಳಿಕ 1980ರ ದಶಕದಲ್ಲಿ ಬೇರೊಂದು ಉಕ್ಕು. 1990ರ ದಶಕದಲ್ಲಿ ‘420ಎಚ್‌ಸಿ’ ಬಂದಿತು. ಇದರಲ್ಲಿ ಇಂಗಾಲ ಅರ್ಧದಷ್ಟು ಮಾತ್ರ.

ಕಾಗದದ ಮೇಲಿನ ಅಂಕಿಗಳನ್ನು ನೋಡಿದವರು ‘ಕಂಪನಿ ಉಕ್ಕನ್ನು ಅಗ್ಗ ಮಾಡಿತು’ ಎಂದರು. ಇದರಲ್ಲಿ ಸತ್ಯಾಂಶವಿದೆ. ಗಡುಸು ಕಣಗಳು ತುಂಬಿದ ಉಕ್ಕನ್ನು ಹಾಳೆಯಿಂದ ಅಚ್ಚೊತ್ತಿ ಕತ್ತರಿಸಿದರೆ ಅಚ್ಚುಗಳು ಬೇಗ ಸವೆಯುತ್ತವೆ. ಮೆದು ಉಕ್ಕು ಕಾರ್ಖಾನೆಗೆ ಅನುಕೂಲ. ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಹಳೆಯ 440ಸಿ ಅಲಗುಗಳನ್ನು ಮಸೆಯುವುದು ಸಾಮಾನ್ಯ ಬಳಕೆದಾರನಿಗೆ ತ್ರಾಸದ ಕೆಲಸವಾಗಿತ್ತು. ಹೊಸ ಉಕ್ಕಿಗೆ ಪಾಲ್ ಬಾಸ್ ಎಂಬ ಹೆಸರಾಂತ ಪರಿಣತ ಹದದ ಕ್ರಮವನ್ನು ರೂಪಿಸಿದ. ನಿಖರವಾಗಿ ಕಾಯಿಸಿ, ಶೂನ್ಯಕ್ಕಿಂತ ಬಹಳ ಕೆಳಗಿನ ಚಳಿಗೆ ಒಡ್ಡಿ, ಮತ್ತೆ ಹಿತವಾಗಿ ಕಾಯಿಸುವ ಕ್ರಮ ಅದು. ಹೀಗಾಗಿ ‘ಕಡಿಮೆ’ ಉಕ್ಕು ತನ್ನ ಶಕ್ತಿಗೆ ಮೀರಿದ ಹೆಸರು ಗಳಿಸಿತು. ಇಂಗಾಲದ ಲೆಕ್ಕ ಒಂದೇ ಚಾಕುವಿನ ಜಾತಕವನ್ನು ಹೇಳುವುದಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಇನ್ನೊಂದು ಕಡೆ ಉತ್ತಮ ಉಕ್ಕಿನ ಬೆನ್ನು ಹತ್ತಿದವರೂ ಇದ್ದರು. ಕ್ಯಾಲಿಫೋರ್ನಿಯಾದ ಬಾಬ್ ಲವ್‌ಲೆಸ್ 1970ರ ದಶಕದ ಆರಂಭದಲ್ಲಿ ಜೆಟ್ ಎಂಜಿನ್ನಿನ ಭಾಗಗಳಿಗೆಂದು ತಯಾರಾಗಿದ್ದ ಉಕ್ಕನ್ನು ಕೈಚಾಕುಗಳಿಗೆ ಬಳಸಿದ. ಕರಗಿದ ಉಕ್ಕನ್ನು ಸಿಂಪಡಿಸಿ ಪುಡಿಯಾಗಿಸಿ, ಆ ಪುಡಿಯನ್ನು ಒತ್ತಡ ಮತ್ತು ಕಾವಿನಲ್ಲಿ ಗಟ್ಟಿ ಮಾಡುವ ವಿಧಾನ ಆ ಹೊತ್ತಿಗೆ ಬಂದಿತ್ತು. 2001ರಲ್ಲಿ ಚಾಕುಗಳಿಗೆಂದೇ ಅಂಥ ಒಂದು ಉಕ್ಕು ಹೊರಬಂತು. ಎರಕದ ಉಕ್ಕಿನಲ್ಲಿ ಗಡುಸು ಕಣಗಳು ಅವಲಕ್ಕಿಯಲ್ಲಿ ಸಿಕ್ಕ ಕಲ್ಲಿನಂತೆ ಅಲ್ಲಲ್ಲಿ ದಪ್ಪವಾಗಿರುತ್ತವೆ. ಪುಡಿಯಿಂದಾದ ಉಕ್ಕಿನಲ್ಲಿ ಸಣ್ಣಗೆ, ಸಮವಾಗಿ ಹರಡಿರುತ್ತವೆ. ಹರಿತ ನಿಲ್ಲುವುದರಲ್ಲಿ ಮತ್ತು ತುಕ್ಕನ್ನು ತಡೆಯುವುದರಲ್ಲಿ ಅಜ್ಜನ ಚಾಕು ಇದರ ಹತ್ತಿರವೂ ಬರಲಾರದು.

ಉಕ್ಕು ಹೇಳುವ ಸಾಕ್ಷಿ

ಹಳೆಯ ಉಕ್ಕಿನ ಮಹಿಮೆಯ ಮಾತು ಬಂದಾಗ ಕನ್ನಡ ನಾಡಿನ ಹೆಸರೂ ಬಾರದಿರದು. ಯೂರೋಪಿನವರು ‘ವೂಟ್ಜ್’ ಎಂದು ಕರೆದ ಉಕ್ಕಿನ ಹೆಸರು ದಕ್ಷಿಣದ ‘ಉಕ್ಕು’ ಎಂಬ ಪದದಿಂದಲೇ ಬಂದದ್ದೆಂದು ಹಲವು ವಿದ್ವಾಂಸರ ಮತ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಇಲ್ಲಿ ಮಣ್ಣಿನ ಮೂಸೆಗಳಲ್ಲಿ ಉಕ್ಕು ತಯಾರಿಸುವುದನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಹೊರನಾಡುಗಳಲ್ಲಿ ‘ಡಮಾಸ್ಕಸ್’ ಎಂದು ಹೆಸರಾದ ಅಲೆಯಂಥ ಗೆರೆಗಳ ಅಲಗುಗಳು ಈ ಬಗೆಯ ಉಕ್ಕಿನಿಂದಲೇ ಆದವು. ಗಾಳಿಯಲ್ಲಿ ತೇಲಿ ಬಂದ ರೇಷ್ಮೆಯನ್ನೂ ಅವು ಕತ್ತರಿಸುತ್ತಿದ್ದವೆಂಬ ದಂತಕಥೆಗಳಿವೆ.

ಈ ದಂತಕಥೆಯನ್ನು ಒರೆಗೆ ಹಚ್ಚಿದವರು ಅಮೆರಿಕದ ಲೋಹವಿಜ್ಞಾನಿ ಜಾನ್ ವರ್ಹೋವೆನ್ ಮತ್ತು ಕಮ್ಮಾರ ಆಲ್ಫ್ರೆಡ್ ಪೆಂಡ್ರೇ. ಅದಿರಿನಲ್ಲಿ ಅತಿ ಸ್ವಲ್ಪವಾಗಿ ಬೆರೆತಿರುವ ವನೇಡಿಯಂನಂಥ ಲೋಹಗಳಿಂದ ಆ ಗೆರೆಗಳು ಮೂಡುತ್ತವೆಂದು 1990ರ ದಶಕದಲ್ಲಿ ಅವರು ತೋರಿಸಿದ್ದರು. 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥ ಉಕ್ಕಿನ ಅಲಗನ್ನು ಇಂದಿನ ಇಂಗಾಲದ ಉಕ್ಕು ಮತ್ತು ಕ್ಷೌರದ ಬ್ಲೇಡಿಗೆ ಬಳಸುವ ಸ್ಟೇನ್‌ಲೆಸ್ ಉಕ್ಕಿನೊಡನೆ ಶೆಫೀಲ್ಡ್ ಸಂಶೋಧನ ಸಂಸ್ಥೆಯೊಂದರ ಯಂತ್ರದಲ್ಲಿ ಪರೀಕ್ಷಿಸಲಾಯಿತು. ಮರಳಿನ ಕಣ ಬೆರೆತ ರಟ್ಟನ್ನು ಒಂದೇ ಭಾರದಲ್ಲಿ ಮತ್ತೆ ಮತ್ತೆ ಕೊಯ್ದು, ಎಷ್ಟು ಆಳ ಕೊಯ್ದಿತೆಂದು ಅಳೆಯುವ ಯಂತ್ರ ಅದು.

ಫಲಿತಾಂಶ ಕುತೂಹಲಕರ. ಗಡುಸನ್ನು ಅಳೆಯುವ ರಾಕ್‌ವೆಲ್ ಮಾಪಕದಲ್ಲಿ ಎಲ್ಲವನ್ನೂ 61ಕ್ಕೆ ತಂದಾಗ ಸ್ಟೇನ್‌ಲೆಸ್ ಉಕ್ಕು ಸ್ವಲ್ಪ ಮುಂದೆ ಬಂತು. ಎಲ್ಲವನ್ನೂ 41ರ ಮೆದುವಿಗೆ ಇಳಿಸಿದಾಗ ಡಮಾಸ್ಕಸ್ ಉಕ್ಕೇ ಸ್ವಲ್ಪ ಮೇಲಾಯಿತು. ಪೂರ್ತಿ ಗಡುಸು ಮಾಡಿದರೆ ಅಲಗು ಮುರಿದೀತೆಂಬ ಭಯವಿದ್ದ ಕಾಲದಲ್ಲಿ ಆ ಉಕ್ಕು ನಿಜಕ್ಕೂ ಉಳಿದವುಗಳಿಗಿಂತ ಉತ್ತಮವಾಗಿತ್ತೆಂದು ಇದರಿಂದ ತಿಳಿಯಬಹುದು. ಹದದ ವಿದ್ಯೆ ಮುಂದುವರಿದ ಮೇಲೆ ಆ ಮೇಲ್ಮೆ ಕರಗಿತು. ದಂತಕಥೆ ಪೂರ್ತಿ ಸುಳ್ಳಲ್ಲ, ಆದರೆ ಅದು ತನ್ನ ಕಾಲದ ಸತ್ಯ.

ಮರೆತ ಗುಣ

ಹಾಗಾದರೆ ಹಳೆಯ ಚಾಕುವನ್ನು ಹೊಗಳುವವರೆಲ್ಲ ಭ್ರಮೆಯಲ್ಲಿದ್ದಾರೆಯೇ? ಇಲ್ಲ. ಅವರು ಹೊಗಳುವುದು ಉಕ್ಕನ್ನೆಂದು ತಿಳಿದುಕೊಂಡಿದ್ದಾರೆ, ಅಷ್ಟೆ. ನಿಜವಾಗಿ ಅವರ ಕೈಗೆ ಹಿತವಾಗುವುದು ಆಕಾರ. ಗ್ರೀನ್ ರಿವರ್‌ನಂಥ ಚಾಕುಗಳು ತೆಳುವಾಗಿದ್ದವು. ಇಂದು ಅಂಗಡಿಗಳಲ್ಲಿ ಮಾರಾಟವಾಗುವ ಎಷ್ಟೋ ಚಾಕುಗಳು ಸೌದೆ ಸೀಳಲೂ ಬಾಗಿಲು ಮೀಟಲೂ ಬರಬೇಕೆಂಬ ಆಸೆಯಿಂದ ದಪ್ಪ ಬೆನ್ನಿನವಾಗಿವೆ. ಸೌತೆಕಾಯಿಯನ್ನು ಮಚ್ಚಿನಿಂದ ಹೆಚ್ಚಿದರೆ ಏನಾಗುತ್ತದೆಂದು ಊಹಿಸಿಕೊಳ್ಳಿ. ಬಾಯಿಯ ಕೋನ ಕಿರಿದಾದಷ್ಟೂ ಚಾಕು ಹೆಚ್ಚು ಕೊಯ್ಯುತ್ತದೆ, ಹೆಚ್ಚು ಕಾಲ ಕೊಯ್ಯುತ್ತಲೇ ಇರುತ್ತದೆ ಎಂಬುದನ್ನು ಯಂತ್ರದ ಪರೀಕ್ಷೆಗಳೂ ತೋರಿಸಿವೆ. ಉತ್ತಮ ಉಕ್ಕಿನ ದಪ್ಪ ಚಾಕುವಿಗಿಂತ ಸಾದಾ ಉಕ್ಕಿನ ತೆಳು ಚಾಕು ಚರ್ಮ ಸುಲಿಯುವುದರಲ್ಲಿ ಮುಂದಾಗುವುದು ಆಶ್ಚರ್ಯವಲ್ಲ.

ಎರಡನೆಯದು ಇನ್ನೂ ಮುಖ್ಯ. ಹಳೆಯ ಚಾಕು ಬೇಗ ಮೊಂಡಾಗುತ್ತಿತ್ತು. ಆದ್ದರಿಂದಲೇ ಅದರ ಒಡೆಯನಿಗೆ ಮಸೆಯುವುದು ಗೊತ್ತಿರುತ್ತಿತ್ತು. ಒರೆಯ ಜೊತೆಗೆ ಒಂದು ಪುಟ್ಟ ಕಲ್ಲು ಇರುತ್ತಿತ್ತು. ಕೆಲಸದ ನಡುವೆ ನಾಲ್ಕು ಸಲ ಎಳೆದು ಮತ್ತೆ ಮುಂದುವರಿಯುತ್ತಿದ್ದ. ಅಜ್ಜನ ಚಾಕು ‘ಯಾವಾಗಲೂ ಹರಿತ’ವಾಗಿದ್ದುದಕ್ಕೆ ಕಾರಣ ಅಜ್ಜ ಅದನ್ನು ಯಾವಾಗಲೂ ಮಸೆಯುತ್ತಿದ್ದುದು. ಹೊಸ ಉಕ್ಕು ತಿಂಗಳುಗಟ್ಟಲೆ ಮಸೆಯುವ ಕೆಲಸ ಕೊಡುವುದಿಲ್ಲ. ಆದರೆ ಮೊಂಡಾದ ದಿನ ಸಾದಾ ಕಲ್ಲಿಗೆ ಜಗ್ಗುವುದಿಲ್ಲ, ವಜ್ರದ ಪುಡಿ ಹಚ್ಚಿದ ಫಲಕ ಬೇಕಾಗುತ್ತದೆ. ಅಷ್ಟರಲ್ಲಿ ಕೈಗೆ ಅಭ್ಯಾಸ ತಪ್ಪಿರುತ್ತದೆ. ಮೊಂಡಾದ ಚಾಕುವನ್ನು ಡ್ರಾಯರಿಗೆ ಹಾಕಿ ಇನ್ನೊಂದನ್ನು ಕೊಳ್ಳುವುದೇ ಸುಲಭವಾಗುತ್ತದೆ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ 1991ರ ತಿದ್ದುಪಡಿ ಮೋಜಿನ ಬೇಟೆಗೆ ಕೊನೆ ಹಾಡಿದವು, ಅದು ಒಳ್ಳೆಯದೇ ಆಯಿತು. ಕೊಡಗಿನ ಪೀಚೆಕತ್ತಿ ಇಂದು ಮದುವೆಯಲ್ಲಿ ಸೊಂಟವನ್ನು ಅಲಂಕರಿಸುತ್ತದೆ; ಕೈಲ್ ಮುಹೂರ್ತದಂದು ಕೋವಿ, ಕತ್ತಿಗಳಿಗೆ ಪೂಜೆ ಸಲ್ಲುತ್ತದೆ. ಹೀಗಾಗಿ ಬೇಟೆಯ ಚಾಕುವಿನ ಪ್ರಶ್ನೆ ಇಲ್ಲಿನವರಿಗೆ ನೇರವಾಗಿ ತಟ್ಟದು. ಆದರೆ ಅದರ ಪಾಠ ಅಡುಗೆಮನೆಗೂ ಹೊಲಕ್ಕೂ ಸಲ್ಲುತ್ತದೆ. ಸೈಕಲ್ಲಿನ ಮೇಲೆ ಕಲ್ಲಿನ ಚಕ್ರ ಕಟ್ಟಿಕೊಂಡು ‘ಚಾಕು, ಕತ್ತರಿಗೆ ಸಾಣೆ’ ಎಂದು ಕೂಗುತ್ತ ಬರುತ್ತಿದ್ದವರ ದನಿ ಬೀದಿಗಳಲ್ಲಿ ಅಪರೂಪವಾಗುತ್ತಿದೆ.

ಉಕ್ಕು, ಹದ, ಹೊರರೂಪದ ಅಚ್ಚುಕಟ್ಟು ಇವುಗಳಲ್ಲಿ ಇಂದಿನ ಒಳ್ಳೆಯ ಚಾಕು ಅಂದಿನ ಒಳ್ಳೆಯ ಚಾಕುವಿಗಿಂತ ನಿಸ್ಸಂದೇಹವಾಗಿ ಮೇಲು. ಹಿಂದೆ ಇದ್ದು ಈಗ ಕಡಿಮೆಯಾಗಿರುವುದು ಅದನ್ನು ಹರಿತವಾಗಿ ಇಟ್ಟುಕೊಳ್ಳುವ ವಿದ್ಯೆ. ಅದನ್ನು ಯಾವ ಕಾರ್ಖಾನೆಯೂ ಅಲಗಿನೊಳಗೆ ಸೇರಿಸಿ ಮಾರಲಾರದು. ಹೊಸ ಚಾಕು ಕೊಳ್ಳುವವರು ಅದರ ಜೊತೆಗೆ ಒಂದು ಒಳ್ಳೆಯ ಸಾಣೆಕಲ್ಲನ್ನೂ ಕೊಂಡು, ಮಸೆಯುವುದನ್ನು ತಿಳಿದ ಹಿರಿಯರೊಬ್ಬರ ಪಕ್ಕದಲ್ಲಿ ಅರ್ಧ ಗಂಟೆ ಕೂತರೆ, ಹಳತು ಹೊಸತರ ಜಗಳ ಅರ್ಧಕ್ಕರ್ಧ ತೀರುತ್ತದೆ.